ಪುಟ್ಟ ಕಾರಿನ ಕಣ್ಣು, ಅಭಿಮಾನಿಗಳ ಜಗಳ

ಮಜ್ದಾ ಅಂದರೆ ನಮ್ಮ ಕಡೆ ನೆನಪಾಗುವುದು ಸ್ವರಾಜ್ ಮಜ್ದಾ. ಶಾಲೆ ಮಕ್ಕಳ ಹಳದಿ ಬಸ್ಸು, ತರಕಾರಿ ಹೊತ್ತು ಎಪಿಎಂಸಿಗೆ ಹೋಗುವ ಸಣ್ಣ ಲಾರಿ, ದಿಬ್ಬಣದ ಮಿನಿ ಬಸ್ಸು. 1980ರ ದಶಕದಲ್ಲಿ ಪಂಜಾಬಿನ ಟ್ರ್ಯಾಕ್ಟರ್ ಕಂಪನಿಯೊಂದು ಜಪಾನಿನ ಮಜ್ದಾ ಜೊತೆ ಕೈ ಜೋಡಿಸಿ ಶುರು ಮಾಡಿದ ಗಾಡಿ ಅದು. 2011ರಲ್ಲಿ ಕಂಪನಿ ತನ್ನ ಹೆಸರನ್ನು ಎಸ್‌ಎಂಎಲ್ ಇಸುಜು ಅಂತ ಬದಲಿಸಿಕೊಂಡಿತು. ನಮ್ಮ ಜನರ ಬಾಯಲ್ಲಿ ಮಾತ್ರ ಅದು ಮಜ್ದಾ ಆಗಿಯೇ ಉಳಿಯಿತು.

ಅದೇ ಜಪಾನಿನ ಮಜ್ದಾ ಕಂಪನಿ 2023ರ ಅಕ್ಟೋಬರ್‌ನಲ್ಲಿ ಟೋಕಿಯೊದ ವಾಹನ ಪ್ರದರ್ಶನದಲ್ಲಿ ಒಂದು ಕೆಂಪು ಕಾರನ್ನು ತಂದು ನಿಲ್ಲಿಸಿತು. ಹೆಸರು ಐಕಾನಿಕ್ ಎಸ್‌ಪಿ. ಇಬ್ಬರೇ ಕೂರುವ ಸಣ್ಣ ಸ್ಪೋರ್ಟ್ಸ್ ಕಾರು. ಅದು ಮಾರಾಟಕ್ಕೆ ಇಟ್ಟದ್ದಲ್ಲ, ಕಾನ್ಸೆಪ್ಟ್ ಕಾರು. ಅಂದರೆ 'ಮುಂದೆ ಹೀಗೊಂದು ಮಾಡಬಹುದು, ನೋಡಿ' ಅಂತ ತೋರಿಸಲು ಕಂಪನಿಗಳು ಮಾಡುವ ಮಾದರಿ. ಅದರ ಮುಂದಿನ ದೀಪಗಳು ಮುಚ್ಚಳದ ಹಿಂದೆ ಅಡಗಿರುತ್ತವೆ. ಮುಚ್ಚಳ ಮೇಲೆದ್ದಾಗ ನಿದ್ದೆಯಿಂದ ಎದ್ದವರು ಕಣ್ಣು ಬಿಟ್ಟ ಹಾಗೆ ಕಾಣುತ್ತದೆ.

ಆ ಕಣ್ಣು ಕಂಡದ್ದೇ ತಡ, ಲೋಕದ ಕಾರು ಹುಚ್ಚರೆಲ್ಲ ಕುಣಿದಾಡಿದರು. ಸ್ವಲ್ಪ ಹೊತ್ತಿಗೆ ಅವರಲ್ಲೇ ಕೆಲವರು ತೂಕದ ಲೆಕ್ಕ ಹಾಕಲು ಕೂತರು, ಮುಖ ಸಪ್ಪೆ ಮಾಡಿದರು. ಒಂದು ಕಾರಿನ ದೀಪ ಕಂಡು ಇಷ್ಟು ಖುಷಿ, ತೂಕ ಕೇಳಿ ಇಷ್ಟು ಬೇಸರ ಯಾಕೆ? ಇದಕ್ಕೆ ನಾಲ್ಕು ದಶಕಗಳ ಹಿಂದಿನ ಕಥೆ ಇದೆ. ನಾವು ಅದನ್ನು ಕೆದಕಲು ಇನ್ನೊಂದು ಕಾರಣವೂ ಉಂಟು. ಈ ಕಥೆ ಶುರುವಾಗುವುದು ನಮ್ಮ ಹಾಗೆಯೇ ಸುದ್ದಿ ಬರೆದು ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಪತ್ರಕರ್ತನಿಂದ.

ಆತನ ಹೆಸರು ಬಾಬ್ ಹಾಲ್. ಅಮೆರಿಕದಲ್ಲಿ ಕಾರುಗಳ ಬಗ್ಗೆ ಬರೆಯುತ್ತಿದ್ದ, ಜಪಾನಿ ಭಾಷೆಯೂ ಬರುತ್ತಿತ್ತು. 1979ರಲ್ಲಿ ಮಜ್ದಾದ ಸಂಶೋಧನಾ ವಿಭಾಗದ ಮುಖ್ಯಸ್ಥ ಕೆನಿಚಿ ಯಾಮಾಮೊಟೊ ಅವರನ್ನು ಭೇಟಿಯಾದ. ಮಾತಿನ ನಡುವೆ ಯಾಮಾಮೊಟೊ ಕೇಳಿದರು: ನಮ್ಮ ಕಂಪನಿ ಮುಂದೆ ಎಂಥ ಕಾರು ಮಾಡಬೇಕು? ಹಾಲ್ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಒಂದು ಕಾರನ್ನು ಗೀಚಿದ. ಎಂಜಿನ್ ಮುಂದೆ, ಶಕ್ತಿ ಹಿಂದಿನ ಚಕ್ರಕ್ಕೆ, ತಲೆಯ ಮೇಲೆ ಸೂರಿಲ್ಲ, ಬೆಲೆ ಕಡಿಮೆ. ಕೂದಲಲ್ಲಿ ಗಾಳಿ ಆಡಬೇಕು, ಅಷ್ಟೇ.

ಇದು ಅವನ ಸ್ವಂತ ಕಲ್ಪನೆಯೇನೂ ಅಲ್ಲ. ಇಂಥ ಕಾರುಗಳನ್ನು ಬ್ರಿಟಿಷರು ದಶಕಗಳ ಕಾಲ ಮಾಡಿದ್ದರು. ಎಂಜಿ, ಟ್ರಯಂಫ್, ಲೋಟಸ್. ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಹೊರಟ ಅಮೆರಿಕದ ಸೈನಿಕರು ಈ ಕಾರುಗಳ ರುಚಿ ಹತ್ತಿಸಿಕೊಂಡೇ ಹೋಗಿದ್ದರು. ಆದರೆ ಆ ಕಾರುಗಳಲ್ಲಿ ಎಣ್ಣೆ ಸೋರುತ್ತಿತ್ತು, ವೈರಿಂಗ್ ಕೈಕೊಡುತ್ತಿತ್ತು, ಮಳೆ ಬಂದರೆ ಒಳಗೆ ನೀರು. ಮೇಲಿಂದ ಅಮೆರಿಕದ ಸುರಕ್ಷತೆಯ, ಹೊಗೆಯ ನಿಯಮಗಳು ಬಿಗಿಯಾದವು. 1980ರಲ್ಲಿ ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆಗೆ ಬೀಗ ಬಿತ್ತು, ಟ್ರಯಂಫ್ ಸ್ಪಿಟ್‌ಫೈರ್ ಕೂಡ ಅದೇ ವರ್ಷ ನಿಂತಿತು. ಸಾಲ ಮಾಡದೆ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಎಂಬ ಜಾತಿಯೇ ಹೆಚ್ಚುಕಡಿಮೆ ಅಳಿಯಿತು.

ಮಜ್ದಾ ಇದನ್ನು ಮಾಡೀತು ಅಂತ ಯಾರೂ ಎಣಿಸಿರಲಿಲ್ಲ. ಅದು ಹಿರೋಶಿಮಾದ ಕಂಪನಿ. 1920ರಲ್ಲಿ ಬೆಂಡಿನ ಬಿರಡೆ ಮಾಡುವ ಕೆಲಸದಿಂದ ಶುರುವಾಗಿ, 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿಗೆ ಇಳಿದದ್ದು. ನಮ್ಮ ಲಗೇಜ್ ಆಟೊದ ಅಜ್ಜ ಅನ್ನಿ. 1945ರ ಅಣುಬಾಂಬಿನಲ್ಲಿ ಊರೇ ಸುಟ್ಟುಹೋದಾಗ, ನಡುವೆ ಗುಡ್ಡ ಅಡ್ಡ ಇದ್ದದ್ದರಿಂದ ಕಾರ್ಖಾನೆ ಬಹುಪಾಲು ಉಳಿಯಿತು. ಜಿಲ್ಲಾಡಳಿತ ಕೆಲಕಾಲ ಅದೇ ಆವರಣದಿಂದ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಮತ್ತೆ ಮೂರು ಚಕ್ರದ ಗಾಡಿ ಹೊರಬಂತು. ಇಂಥ ಕಂಪನಿಗೆ ಮೋಜಿನ ಕಾರು ಬೇಕೇ ಎಂಬ ಪ್ರಶ್ನೆ ಒಳಗೂ ಇತ್ತು.

ಹಾಲ್ 1981ರಲ್ಲಿ ಪತ್ರಿಕೆ ಬಿಟ್ಟು ಮಜ್ದಾದ ಅಮೆರಿಕ ಕಚೇರಿಗೇ ಸೇರಿದ. 1984ರಲ್ಲಿ ಯಾಮಾಮೊಟೊ ಕಂಪನಿಯ ಅಧ್ಯಕ್ಷರಾದರು. ಟೋಕಿಯೊದ ವಿನ್ಯಾಸಕಾರರಿಗೂ ಕ್ಯಾಲಿಫೋರ್ನಿಯಾದ ವಿನ್ಯಾಸಕಾರರಿಗೂ ಪೈಪೋಟಿ ನಡೆಯಿತು. ಟೋಕಿಯೊದವರು ಎಂಜಿನ್ ಮಧ್ಯದಲ್ಲಿ ಇಟ್ಟು ಒಂದು, ಮುಂದಿನ ಚಕ್ರಕ್ಕೆ ಶಕ್ತಿ ಕೊಟ್ಟು ಒಂದು ಮಾದರಿ ತಂದರು. ಗೆದ್ದದ್ದು ಕ್ಯಾಲಿಫೋರ್ನಿಯಾದ ಹಳೇ ಪದ್ಧತಿಯ ಕಾರು. ಇಂಗ್ಲೆಂಡಿನಲ್ಲಿ ಅದಕ್ಕೊಂದು ಓಡುವ ಮಾದರಿ ಮಾಡಿಸಿ, 1985ರಲ್ಲಿ ಸಾಂಟಾ ಬಾರ್ಬರಾ ಎಂಬ ಊರಿನ ಬೀದಿಯಲ್ಲಿ ಸುಮ್ಮನೆ ಓಡಿಸಿದರು. ಗುಟ್ಟಾಗಿ ಜನರ ಮುಖ ನೋಡುವ ಉಪಾಯ. ಜನ ತಮ್ಮ ಗಾಡಿಯಲ್ಲಿ ಬೆನ್ನು ಹತ್ತಿ, ಇದು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಕಂಪನಿಯ ಹಿರಿಯರ ಅನುಮಾನ ಕರಗಿದ್ದರಲ್ಲಿ ಆ ಬೀದಿಯ ಪಾತ್ರ ದೊಡ್ಡದು.

ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್ ತಂಡಕ್ಕೆ ಕೊಟ್ಟ ಮಂತ್ರ 'ಜಿಂಬಾ ಇತ್ತಾಯ್'. ಕುದುರೆ ಮತ್ತು ಸವಾರ ಒಂದೇ ದೇಹ ಎಂಬ ಅರ್ಥ. ಅದಕ್ಕೆ ಕಾರು ಹಗುರ ಇರಲೇಬೇಕು. ವಿನ್ಯಾಸಕಾರ ಶುಂಜಿ ತನಾಕಾ ಜಪಾನಿನ ನೋಹ್ ನಾಟಕದ ಮುಖವಾಡವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಿನ ಮೈ ತಿದ್ದಿದರು. ಬೆಳಕು ಬೀಳುವ ಕೋನ ಬದಲಾದರೆ ಆ ಮುಖವಾಡದ ಭಾವವೇ ಬದಲಾಗುತ್ತದಂತೆ. ನಮ್ಮ ಸೋಮನ ಮುಖವನ್ನು ಪಂಜಿನ ಬೆಳಕಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಣ್ಣಿನ ವಿಷಯಕ್ಕೆ ಬರೋಣ. ದೀಪ ಬಾನೆಟ್ ಒಳಗೆ ಅಡಗುವುದು ಬರೀ ಶೋಕಿಗಲ್ಲ. ದೀಪ ನೆಲದಿಂದ ಇಂತಿಷ್ಟು ಎತ್ತರ ಇರಲೇಬೇಕು ಎಂಬ ನಿಯಮ ಅಮೆರಿಕದಲ್ಲಿತ್ತು. ಗಾಳಿ ಸೀಳಲು ಮೂತಿ ತಗ್ಗಾಗಿರಬೇಕು, ದೀಪ ಮಾತ್ರ ಎತ್ತರ ಇರಬೇಕು. ಎರಡೂ ಆಗಬೇಕಾದರೆ ದೀಪ ಮಲಗಿದ್ದು, ರಾತ್ರಿ ಏಳಬೇಕು. ಹಾಗಾಗಿ ಆ ಕಾಲದ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗೆ ಈ ಏಳುವ ದೀಪ ಇತ್ತು. ಈ ಪುಟ್ಟ ಕಾರಿನಲ್ಲಿ ಮಾತ್ರ ಅದು ಕಪ್ಪೆಮರಿ ಕಣ್ಣು ಬಿಟ್ಟಂತೆ ಮುದ್ದಾಗಿ ಕಂಡಿತು.

1989ರ ಫೆಬ್ರುವರಿಯಲ್ಲಿ ಚಿಕಾಗೊ ಪ್ರದರ್ಶನದಲ್ಲಿ ಕಾರು ಹೊರಬಿತ್ತು. ಹೆಸರು ಎಂಎಕ್ಸ್-5 ಮಿಯಾಟಾ. 1.6 ಲೀಟರ್ ಎಂಜಿನ್, 13,800 ಡಾಲರ್ ಬೆಲೆ. ಜಪಾನಿನ ಮಾದರಿಯ ತೂಕ 940 ಕೆ.ಜಿ., ಹೆಚ್ಚುಕಡಿಮೆ ನಮ್ಮ ರಸ್ತೆಯ ಮಾರುತಿ ಸ್ವಿಫ್ಟ್‌ನಷ್ಟೇ. ಈ 940 ಅನ್ನು ನೆನಪಿಡಿ. ಇದು ಹಳೇ ಲೋಟಸ್ ಎಲಾನ್ ಕಾರಿನ ನಕಲು ಅಂತ ಮೂಗು ಮುರಿದವರೂ ಇದ್ದರು. ಹೋಲಿಕೆ ಇತ್ತು, ಸುಳ್ಳಲ್ಲ. ಆದರೆ ಇದು ಎಣ್ಣೆ ಸೋರದ ಎಲಾನ್. ಜನ ಮುಗಿಬಿದ್ದರು, ಡೀಲರುಗಳು ನಿಗದಿ ಬೆಲೆಯ ಮೇಲೆ ಸಾವಿರಾರು ಡಾಲರ್ ಹೆಚ್ಚಿಗೆ ಎಳೆದರು. ಅವಸರದ ಗಿರಾಕಿ ಕಂಡರೆ ಡೀಲರ್ ಎಲ್ಲಿದ್ದರೂ ಡೀಲರೇ.

ಅದೇ ಪ್ರದರ್ಶನದಲ್ಲಿ ಮಜ್ದಾ ಇನ್ನೊಂದು ಹಳದಿ ಮಾದರಿಯನ್ನೂ ಇಟ್ಟಿತ್ತು, ಕ್ಲಬ್ ರೇಸರ್ ಅಂತ. ಅದರ ದೀಪ ಏಳುತ್ತಿರಲಿಲ್ಲ, ಪಾರದರ್ಶಕ ಹೊದಿಕೆಯ ಕೆಳಗೆ ಕೂತಲ್ಲೇ ಕೂತಿತ್ತು. ಅದರ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಅವತ್ತಿಗೆ ಅದು ಯಾರ ಮನೆಯ ಕಾರೂ ಆಗಿರಲಿಲ್ಲವಲ್ಲ.

ತಕರಾರು ಎದ್ದದ್ದು 1997ರಲ್ಲಿ, ಎರಡನೇ ತಲೆಮಾರಿನ ಮಿಯಾಟಾ ಟೋಕಿಯೊದಲ್ಲಿ ಕಾಣಿಸಿಕೊಂಡಾಗ. ಏಳುವ ದೀಪ ಮಾಯ, ಮುಖದ ಮೇಲೆ ಮಾಮೂಲಿ ದೀಪ. ಮಜ್ದಾದ ಬಳಿ ಕಾರಣ ಇತ್ತು. ದೀಪ ಎತ್ತುವ ಮೋಟರು, ಕೀಲುಗಳ ತೂಕವೆಲ್ಲ ಮೂತಿಯ ತುದಿಯಲ್ಲಿ ಬೀಳುತ್ತಿತ್ತು. ಕಾರಿಗೆ ಸಿಕ್ಕಿಬಿದ್ದ ಪಾದಚಾರಿಗೆ ಎದ್ದು ನಿಂತ ದೀಪ ಇನ್ನಷ್ಟು ಗಾಯ ಮಾಡುತ್ತದೆ ಎಂಬ ಚರ್ಚೆಯೂ ಯುರೋಪಿನಲ್ಲಿ ನಡೆದಿತ್ತು. ಅಭಿಮಾನಿಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಮುಖವೇ ಹೋಯಿತು ಅಂತ ಹಳಹಳಿಸಿದರು. ತಮಾಷೆ ಏನೆಂದರೆ ತೂಕ ಇಳಿಸಿ ಅಂತ ಕೇಳುತ್ತಿದ್ದವರೂ ಅವರೇ, ತೂಕ ಇಳಿಸಲು ತೆಗೆದ ವಸ್ತುವಿಗೆ ಅತ್ತವರೂ ಅವರೇ. ಓಡಿಸಿ ನೋಡಿದ ಮೇಲೆ ಗದ್ದಲ ಇಳಿಯಿತು, ಕಾರು ಮೊದಲಿಗಿಂತ ಗಟ್ಟಿಯಾಗಿತ್ತು. 2000ನೇ ಇಸವಿಯಲ್ಲಿ ಗಿನ್ನೆಸ್‌ನವರು ಇದನ್ನು ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು ಅಂತ ದಾಖಲಿಸಿದರು.

ಆ ವರ್ಷಗಳಲ್ಲಿ ಮಜ್ದಾ ಸಾಲದ ಸುಳಿಯಲ್ಲಿತ್ತು, 1996ರಿಂದ ಆಡಳಿತದ ಹಿಡಿತ ಅಮೆರಿಕದ ಫೋರ್ಡ್ ಕೈಯಲ್ಲಿತ್ತು. ಎಷ್ಟೋ ಮಾದರಿಗಳಿಗೆ ಕತ್ತರಿ ಬಿತ್ತು, ಇದಕ್ಕೆ ಬೀಳಲಿಲ್ಲ.

2003ರಲ್ಲಿ ಮಜ್ದಾ 'ಇಬುಕಿ' ಎಂಬ ಕಾನ್ಸೆಪ್ಟ್ ತೋರಿಸಿತು. ಮೊದಲ ಮಿಯಾಟಾದ ದುಂಡು ಮೈಯನ್ನು ಹೊಸದಾಗಿ ತಿದ್ದಿದಂತಿತ್ತು, ಜನಕ್ಕೆ ಆಸೆ ಹುಟ್ಟಿತು. 2005ರಲ್ಲಿ ಮೂರನೇ ತಲೆಮಾರಿನ ಕಾರು ಬಂದಾಗ ಆಸೆ ಅರ್ಧ ಇಳಿಯಿತು. ಎಂಜಿನಿಯರ್‌ಗಳು ಗ್ರಾಂ ಗ್ರಾಂ ಲೆಕ್ಕ ಹಾಕಿ, ಕನ್ನಡಿಯ ತೂಕವನ್ನೂ ಬಿಡದೆ ಇಳಿಸಿದ್ದರು. ಆದರೂ ಸುರಕ್ಷತೆಯ ಹೊಸ ನಿಯಮ, ಅಗಲದ ಮೈ, ದೊಡ್ಡ ಎಂಜಿನ್ ಸೇರಿ ತೂಕ 1,100 ಕೆ.ಜಿ. ಹತ್ತಿರ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಕಾರಿನ ಮೇಲೆ ಮೂರು ಸಿಮೆಂಟ್ ಮೂಟೆ ಹೇರಿದಂತೆ. ಊದಿಕೊಂಡಿದೆ, ಎತ್ತರಕ್ಕೆ ನಿಂತಿದೆ ಎಂಬ ದೂರು ಬಂತು. ಕೆಲ ವರ್ಷಗಳ ನಂತರ ಮುಖ ತಿದ್ದಿ, ಬಾಯಿ ಅಗಲ ಮಾಡಿ ನಗಿಸಿದರು. ಆ ನಗು ಕಂಡು ಅಭಿಮಾನಿಗಳು ಇನ್ನಷ್ಟು ಗೇಲಿ ಮಾಡಿದರು.

ದೀಪದ ಜಗಳದಲ್ಲಿ ಅಭಿಮಾನಿಗಳದ್ದು ಬರೀ ಹಠ ಅಂತ ನಮಗೆ ಅನಿಸುತ್ತದೆ. ತೂಕದ ಜಗಳದಲ್ಲಿ ಮಾತ್ರ ಅವರು ಹೇಳಿದ್ದು ಸರಿ ಇತ್ತು. ತೂಕ ಏರಿದರೆ ದೊಡ್ಡ ಬ್ರೇಕು ಬೇಕು, ದೊಡ್ಡ ಟೈರು ಬೇಕು, ದೊಡ್ಡ ಎಂಜಿನ್ ಬೇಕು. ಅವು ಮತ್ತೆ ತೂಕ ಏರಿಸುತ್ತವೆ, ಬೆಲೆಯನ್ನೂ ಏರಿಸುತ್ತವೆ. ಕೊನೆಗೆ ಮೇಷ್ಟ್ರೊಬ್ಬರು, ಮೆಕ್ಯಾನಿಕ್ ಒಬ್ಬರು ಉಳಿಸಿದ ದುಡ್ಡಲ್ಲಿ ಕೊಳ್ಳುವ ಕಾರು ಹೋಗಿ ಸಾಹುಕಾರರ ಮತ್ತೊಂದು ಆಟಿಕೆ ಆಗುತ್ತದೆ. ಅಂಥವು ಲೋಕದಲ್ಲಿ ಬೇಕಾದಷ್ಟಿವೆ.

ಈ ಮಾತು ಹಿರೋಶಿಮಾಕ್ಕೆ ಕೇಳಿಸಿತು. 2014ರ ಸೆಪ್ಟೆಂಬರ್‌ನಲ್ಲಿ ಜಪಾನ್, ಅಮೆರಿಕ, ಸ್ಪೇನ್ ಮೂರೂ ಕಡೆ ಒಟ್ಟಿಗೆ ಪರದೆ ಸರಿಸಿ ನಾಲ್ಕನೇ ತಲೆಮಾರನ್ನು ತೋರಿಸಿದರು. ಅಭಿಮಾನಿಗಳ ಮೊದಲ ನೋಟ ಮತ್ತೆ ಕಣ್ಣಿನ ಮೇಲೇ. ಈ ಸಲ ದೀಪ ಸೀಳುಗಣ್ಣಿನಂತೆ ತೆಳ್ಳಗಿತ್ತು. ಮುದ್ದಾಗಿದ್ದ ಕಾರಿಗೆ ಕೋಪ ಬಂದಂತಿದೆ ಅಂತ ಒಂದು ಗುಂಪು, ಕೊನೆಗೂ ಗಂಡಸಿನ ಕಳೆ ಬಂತು ಅಂತ ಇನ್ನೊಂದು. ಈ ಎರಡನೇ ಮಾತು ನಮಗೇನೂ ರುಚಿಸುವುದಿಲ್ಲ, ಕಾರಿಗೆ ಎಂಥ ಗಂಡು ಹೆಣ್ಣು! ಆಮೇಲೆ ತೂಕ ಹೊರಬಿತ್ತು. ಜಪಾನಿನ ಮೂಲ ಮಾದರಿ 990 ಕೆ.ಜಿ. ಉದ್ದದಲ್ಲಿ ಮೊದಲ ಕಾರಿಗಿಂತಲೂ ಗಿಡ್ಡ. ಏರ್‌ಬ್ಯಾಗು, ಗಟ್ಟಿ ಚಾಸಿ, ಕಾಲು ಶತಮಾನದ ನಿಯಮಗಳನ್ನೆಲ್ಲ ಹೊತ್ತೂ 1989ರ ಕಾರಿಗಿಂತ ಒಂದೇ ಒಂದು ಸಿಮೆಂಟ್ ಮೂಟೆ ಹೆಚ್ಚು. ಮುಖದ ಜಗಳ ಅಲ್ಲಿಗೆ ತಣ್ಣಗಾಯಿತು. 2016ರ ಏಪ್ರಿಲ್‌ನಲ್ಲಿ 10 ಲಕ್ಷದ ಕಾರು ಹೊರಬಂದಾಗ ಅದನ್ನು ಊರೂರು ಸುತ್ತಿಸಿ, ಅದರ ಮೈಮೇಲೆ ಅಭಿಮಾನಿಗಳಿಂದಲೇ ಸಹಿ ಹಾಕಿಸಿದರು.

ಹಳೇ ಕಣ್ಣಿನ ಕಾರುಗಳನ್ನೂ ಬಿಡಲಿಲ್ಲ. 2017ರಲ್ಲಿ ಮಜ್ದಾ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳನ್ನು ಕಂಪನಿಯಲ್ಲೇ ಹೊಸದರಂತೆ ಮಾಡಿಕೊಡುವ ಕೆಲಸ ಶುರುಮಾಡಿತು. ನಿಂತುಹೋಗಿದ್ದ ಮೇಲ್ಹೊದಿಕೆಯ ಬಟ್ಟೆ, ಮರದ ಸ್ಟೀರಿಂಗ್, ಆ ಕಾಲದ ಅಚ್ಚಿನ ಟೈರು ಸಹ ಮತ್ತೆ ತಯಾರಾದವು. ಹತ್ತು ವರ್ಷದ ಹಳೇ ಬೈಕಿಗೆ ಒಂದು ಸೈಡ್ ಪ್ಯಾನೆಲ್ ಹುಡುಕಿ ಮೂರು ತಾಲ್ಲೂಕು ಸುತ್ತಿದವರಿಗೆ ಇದರ ಬೆಲೆ ಗೊತ್ತು.

ಈಗ ಮತ್ತೆ 2023ರ ಆ ಕೆಂಪು ಕಾರಿಗೆ ಬರೋಣ. ಏಳುವ ದೀಪ ಕಂಡು ಕುಣಿದವರು ಮಾಹಿತಿ ಪಟ್ಟಿಯನ್ನೂ ಓದಿದರು. ಶಕ್ತಿ 370 ಪಿಎಸ್. ಚಕ್ರ ತಿರುಗಿಸುವುದು ಕರೆಂಟಿನ ಮೋಟರು. ಯಾಮಾಮೊಟೊ ಅವರ ಹೆಸರಿನ ಜೊತೆ ಅಂಟಿಕೊಂಡಿರುವ ರೋಟರಿ ಎಂಜಿನ್, ಮದುವೆ ಮನೆಯ ಜನರೇಟರ್ ಹಾಗೆ ಅದಕ್ಕೆ ಕರೆಂಟು ಒದಗಿಸುತ್ತದೆ. ತೂಕ 1,450 ಕೆ.ಜಿ.

940ರಿಂದ 1,450. ಹತ್ತು ಮೂಟೆ ಸಿಮೆಂಟು.

ಇದು ಮುಂದಿನ ಮಿಯಾಟಾ ಅಂತ ಮಜ್ದಾ ಅವತ್ತು ಹೇಳಿರಲಿಲ್ಲ. ಅಭಿಮಾನಿಗಳಲ್ಲಿ ಒಂದು ಪಂಗಡ ಇದನ್ನು ನಿಂತುಹೋದ ಆರ್‌ಎಕ್ಸ್-7 ಎಂಬ ದೊಡ್ಡ ರೋಟರಿ ಕಾರಿನ ವಾರಸುದಾರ ಅಂತ ನೋಡಿತು, ಅವರಿಗೆ ತೂಕದ ಚಿಂತೆ ಇಲ್ಲ. ಇನ್ನೊಂದು ಪಂಗಡ ಇದರಲ್ಲಿ ಮಿಯಾಟಾದ ನಾಳೆಯನ್ನು ಕಂಡು ಗಾಬರಿಯಾಯಿತು. ಬ್ಯಾಟರಿ ಅಂದರೆ ತೂಕ, ತೂಕ ಅಂದರೆ ದುಡ್ಡು. 2024ರ ಜನವರಿಯಲ್ಲಿ ಮಜ್ದಾ ರೋಟರಿ ಎಂಜಿನ್ನಿಗಾಗಿ ಎಂಜಿನಿಯರ್‌ಗಳ ತಂಡವನ್ನು ಮತ್ತೆ ಕಟ್ಟುವುದಾಗಿ ಪ್ರಕಟಿಸಿದಾಗ ಮೊದಲ ಪಂಗಡ ಮತ್ತೆ ಕುಣಿಯಿತು. ಎರಡನೇ ಪಂಗಡ 990 ಕೆ.ಜಿ.ಯ ಕಾರಿನ ಕೀಲಿಯನ್ನು ಜೇಬಲ್ಲಿ ಇನ್ನಷ್ಟು ಭದ್ರ ಮಾಡಿಕೊಂಡಿತು.