ಅಂದರೆ ಆಯಿತು

ಪ್ರಾಮಿಸ್

‘ಐ ಆಮ್ ಪ್ರಾಮಿಸಿಂಗ್ ಯು’ ಎಂದು ಮಾತು ಕೊಡುವವರು ನಮ್ಮಲ್ಲಿ ಬಹಳ. ಈಗ ನಡೆಯುತ್ತಿರುವ ಕೆಲಸವಲ್ಲವೇ, ‘ಇಂಗ್’ ಹಚ್ಚಿದರೆ ತಪ್ಪೇನು ಎಂಬುದು ಅವರ ತರ್ಕ. ಇಂಗ್ಲಿಷಿನ ಜಾಯಮಾನ ಬೇರೆ. ‘ಐ ಪ್ರಾಮಿಸ್’ ಎಂಬುದು ನಡೆಯುತ್ತಿರುವುದರ ವರದಿಯಲ್ಲ. ಅಂದ ಕ್ಷಣವೇ ಮಾತು ಕೊಟ್ಟಾಯಿತು. ಅಪಾಲಜೈಸ್, ರಿಸೈನ್, ಡಿಕ್ಲೇರ್ ಇವೂ ಇದೇ ಜಾತಿ. ಇವಕ್ಕೆ ‘ಪರ್ಫಾರ್ಮೆಟಿವ್’ ಎಂದು ಹೆಸರಿಟ್ಟವರು ಆಕ್ಸ್‌ಫರ್ಡಿನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್. 1955ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಮಾಡಿದ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ‘ಹಿಯರ್‌ಬೈ’ ಸೇರಿಸಿ ನೋಡಿ: ‘ಐ ಹಿಯರ್‌ಬೈ ರಿಸೈನ್’ ಸರಿ ಹೋಗುತ್ತದೆ, ‘ಐ ಹಿಯರ್‌ಬೈ ವಾಕ್’ ನಗು ತರಿಸುತ್ತದೆ. (‘ಐ ಆಮ್ ವಾರ್ನಿಂಗ್ ಯು’ ಮಾತ್ರ ಧಾರಾಳವಾಗಿ ಚಲಾವಣೆಯಲ್ಲಿದೆ. ಸಿಟ್ಟಿಗೆ ವ್ಯಾಕರಣ ಎಲ್ಲಿಯದು!)

ಮೂಲ ಲ್ಯಾಟಿನ್ನಿನ ‘ಪ್ರೊಮಿಟ್ಟೆರೆ’: ‘ಪ್ರೊ’ ಮುಂದಕ್ಕೆ, ‘ಮಿಟ್ಟೆರೆ’ ಕಳಿಸು. ಮಿಷನ್, ಮಿಸೈಲ್‌ಗಳೂ ಇದೇ ಮನೆತನದವು. ಸ್ಪ್ಯಾನಿಷ್‌ನಲ್ಲಿ ‘ಪ್ರೊಮೆತೆರ್’. ಷೇಕ್ಸ್‌ಪಿಯರ್ ಕಾಲದಲ್ಲಿ ‘ಐ ಪ್ರಾಮಿಸ್ ಯು’ ಎಂದರೆ ‘ಖಂಡಿತ ನಂಬು’ ಎಂದೂ ಆಗುತ್ತಿತ್ತು. ಆ ಅರ್ಥ ಈಗಲೂ ಸತ್ತಿಲ್ಲ. ವಿಶೇಷಣವಾದರೆ ‘ಪ್ರಾಮಿಸಿಂಗ್’ ಎಂದರೆ ಭರವಸೆ ಮೂಡಿಸುವಂಥದ್ದು.

ನಮ್ಮ ಮಂತ್ರಿಗಳೂ ‘ಪ್ರಮಾಣ ಮಾಡುತ್ತೇನೆ’ ಎನ್ನುತ್ತಾರೆಯೇ ಹೊರತು ‘ಮಾಡುತ್ತಿದ್ದೇನೆ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ ಅನ್ನಿ.