ಪಡಸಾಲೆಯ ನಾದ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ನಿಜಾಮರ ಸಂಸ್ಥಾನದಲ್ಲಿದ್ದಾಗಲೇ, 1935ರಲ್ಲಿ, ಹೈದರಾಬಾದಿನಿಂದ ಡೆಕ್ಕನ್ ರೇಡಿಯೋ ಪ್ರಸಾರವನ್ನು ಆರಂಭಿಸಿತು. ಪ್ರಸಾರದ ಚರಿತ್ರೆಯನ್ನು ಬರೆಯುವವರು ನಿಲಯವನ್ನು ವರ್ಣಿಸುವರು. ಧ್ವನಿಯು ಕಟ್ಟಕಡೆಗೆ ಬಂದು ಸೇರುವ ಪಡಸಾಲೆಯನ್ನು ಮರೆತುಬಿಡುವರು. ಗಾಯಕನ ಕೊರಲು ಬಹುಮಟ್ಟಿಗೆ ಕೆಡುವುದು ಅಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಕೋಣೆಯ ಈ ಪ್ರಭಾವವನ್ನು ಮೊದಲು ಅಳೆದು ತೋರಿಸಿದವನು ಅಮೆರಿಕದ ವಾಲೆಸ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸಮಂದಿರವೊಂದರಲ್ಲಿ ಆಡಿದ ನುಡಿ ಸುಮಾರು 5.5 ಸೆಕೆಂಡು ಮೊರೆಯುತ್ತಿದ್ದುದರಿಂದ ಒಂದು ಪದದ ಮೇಲೆ ಇನ್ನೊಂದು ಬಿದ್ದು ಅರ್ಥವೇ ಆಗುತ್ತಿರಲಿಲ್ಲ. ಆತನು ನಾಟಕಶಾಲೆಯೊಂದರ ಆಸನದ ದಿಂಬುಗಳನ್ನು ಹೊರಿಸಿ ತಂದು, ರಾತ್ರಿಯ ನಿಶ್ಶಬ್ದದಲ್ಲಿ ಅವನ್ನು ಹರಡುತ್ತ ಹೋಗಿ, ಮೊರೆತವು ಕುಗ್ಗುವ ಪ್ರಮಾಣವನ್ನು ಲೆಕ್ಕವಿಟ್ಟನು. ನಮ್ಮ ಸೀಮೆಯ ಹಳೆಯ ಮಾಳಿಗೆಮನೆಯಲ್ಲಿ ಈ ಕೆಲಸವನ್ನು ಯಾರೂ ಹೇಳದೆಯೇ ಕೌದಿ, ಕಂಬಳಿ, ಕಾಳಿನ ಚೀಲಗಳು ಮಾಡುತ್ತಿದ್ದವು. ತೊಲೆಜಂತಿಗಳು ಧ್ವನಿಯನ್ನು ಚೆದರಿಸುತ್ತಿದ್ದವು. ಇಂದಿನ ಕಾಂಕ್ರೀಟು ಮನೆಯ ನುಣುಪಾದ ಗೋಡೆ, ಬರಿಯ ನೆಲಗಳಿಗೆ ಆ ಗುಣವಿಲ್ಲ.

ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ಪ್ರಕಟಿಸಿದ ಧ್ವನಿವರ್ಧಕದ ವಿನ್ಯಾಸವೇ ಇಂದಿಗೂ ಬಹುಪಾಲು ಪೆಟ್ಟಿಗೆಗಳ ಮೂಲ. ಒಂದೇ ಪೆಟ್ಟಿಗೆಯಿದ್ದಾಗ ಅದನ್ನು ಗೂಡಿನಲ್ಲಿಯೋ ಮೂಲೆಯಲ್ಲಿಯೋ ಇಟ್ಟರೆ ಸಾಕೆಂಬ ಭಾವನೆ ಸಹಜ. ಆದರೆ ಎರಡು ಗೋಡೆಗಳೂ ನೆಲವೂ ಕೂಡುವ ಮೂಲೆಯು ಮಂದ್ರವನ್ನು ಅತಿಯಾಗಿ ಉಬ್ಬಿಸುವುದರಿಂದ ಗಂಡುಕೊರಲು ಹರವಿಯೊಳಗಿನ ಮಾತಿನಂತಾಗುವುದು.

1931ರಲ್ಲಿ ಇಂಗ್ಲೆಂಡಿನ ಆಲನ್ ಬ್ಲಮ್ಲೈನ್ ಎರಡು ವಾಹಿನಿಗಳ ಧ್ವನಿಗೆ ಸ್ವಾಮ್ಯಪತ್ರವನ್ನು ಕೋರಿದನು. ಅಂತಹ ಮುದ್ರಿಕೆಗಳು ಮನೆಮನೆಗೆ ಬಂದುದು 1958ರಿಂದೀಚೆಗೆ. ಅಲ್ಲಿಂದ ಸ್ಥಾನವೆಂಬುದು ರೇಖಾಗಣಿತವಾಯಿತು. ಎರಡು ಪೆಟ್ಟಿಗೆಗಳೂ ಕೇಳುಗನೂ ಸಮಭುಜ ತ್ರಿಕೋನದ ಮೂರು ಕೊನೆಗಳಲ್ಲಿರಬೇಕು. ಪೆಟ್ಟಿಗೆಯ ಮೇಲುಸ್ವರದ ಬಾಯಿ ಕಿವಿಯ ಮಟ್ಟಕ್ಕಿರಬೇಕು. ಎಡಬಲದ ಗೋಡೆಗಳ ದೂರ ಸಮನಾಗಿರಬೇಕು. ಆಗ ಗಾಯಕನು ನಟ್ಟನಡುವೆ, ಪೆಟ್ಟಿಗೆಯೇ ಇಲ್ಲದೆಡೆಯಲ್ಲಿ, ಕುಳಿತಂತೆ ಕೇಳಿಸುವನು. ಒಂದು ಪೆಟ್ಟಿಗೆ ಕಪಾಟಿನ ಮೇಲೆ, ಇನ್ನೊಂದು ಬಾಗಿಲ ಹಿಂದೆ ಇರುವ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಎಷ್ಟು ಬೆಲೆಯ ಯಂತ್ರವಿದ್ದರೂ ವ್ಯರ್ಥ.

ಪಕ್ಕದ ಗೋಡೆಯಿಂದ ಮರಳುವ ಧ್ವನಿಯನ್ನು ತಡೆಯಲು ಸುಲಭೋಪಾಯವಿದೆ. ನೀವು ಕುಳಿತಿರುವಾಗ ಇನ್ನೊಬ್ಬರು ಗೋಡೆಗುಂಟ ಕನ್ನಡಿಯನ್ನು ಸರಿಸಲಿ. ಪೆಟ್ಟಿಗೆ ಅದರಲ್ಲಿ ಕಂಡ ತಾಣದಲ್ಲಿ ದಪ್ಪ ಕೌದಿಯನ್ನು ತೂಗುಹಾಕಿರಿ. ಮಂದ್ರದ ಗುಂಯ್‌ಗುಡುವಿಕೆಗೆ ಕೌದಿ ಸಾಲದು. ಪೆಟ್ಟಿಗೆಗಳನ್ನು ಹಿಂಗೋಡೆಯಿಂದ ಒಂದೊಂದು ಗೇಣು ಮುಂದೆ ತರುತ್ತ, ಕಿವಿಗೊಟ್ಟು ನೋಡಬೇಕು.