ಪಿನ್ನು ಯಾರ ಹೆಸರಿನಲ್ಲಿದೆ?

ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಬದಲಾಯಿತೆಂದು ಹೊಲಗಳ ಒಡೆತನ ಅಳಿಸಿಹೋಗಲಿಲ್ಲ. ಯಾವ ಸರ್ವೆ ನಂಬರು ಯಾರದೆಂಬುದು ಕರ್ಣಂನ ನೆನಪಿನಲ್ಲಷ್ಟೇ ಅಲ್ಲ, ಕಡತದಲ್ಲೂ ಇತ್ತು. ಚಿಪ್ಪಿನ ಪಿನ್ನುಗಳಿಗೂ ಇಂಥದೊಂದು ಪಹಣಿ ಬೇಕೆಂಬ ಬುದ್ಧಿ ಲಿನಕ್ಸ್ ಕರ್ನಲ್‌ಗೆ ಬಂದದ್ದು ಬಹಳ ತಡವಾಗಿ. ಪಿನ್‌ಕಂಟ್ರೋಲ್ ಎಂಬ ಆ ಪಹಣಿ ವ್ಯವಸ್ಥೆಯನ್ನು ತಾಂತ್ರಿಕ ಚಮತ್ಕಾರವೆಂದು ಹೊಗಳುವವರಿದ್ದಾರೆ. ಅದು ಹುಟ್ಟಿದ್ದು ಒಡೆತನದ ತಕರಾರಿನಿಂದ ಎಂಬುದು ನನ್ನ ವಾದ.

ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ಸಿಂಪ್ಯೂಟರ್ ಎಂಬ ಕೈಗಣಕಕ್ಕಾಗಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಅದರೊಳಗಿದ್ದದ್ದು ಲಿನಕ್ಸ್ ಓಡಿಸುವ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್ಪು. ಆ ಚಿಪ್ಪಿನಲ್ಲಿ ಸಾಮಾನ್ಯ ಬಳಕೆಯ (ಜಿಪಿಐಒ) ಪಿನ್ನುಗಳು 28. ಅವುಗಳಲ್ಲಿ 2ರಿಂದ 9ರವರೆಗಿನವು ಗುಂಡಿ, ದೀಪಗಳಿಗೂ ಒದಗುತ್ತವೆ, ಪರದೆಯ ದತ್ತಾಂಶ ತಂತಿಗಳಲ್ಲಿ ಮೇಲಿನ ಎಂಟಾಗಿಯೂ ದುಡಿಯುತ್ತವೆ. ಯಾವುದೆಂದು ತೀರ್ಮಾನಿಸುವುದು ಜಿಎಎಫ್‌ಆರ್ ಎಂಬ ಒಂದೇ ರಿಜಿಸ್ಟರು. ಆ ಕಾಲದ ಪರದೆ ಡ್ರೈವರನ್ನು ತೆರೆದು ನೋಡಿ: ಬಣ್ಣದ ಟಿಎಫ್‌ಟಿ ಪರದೆಯೆಂದು ಗೊತ್ತಾದ ಕೂಡಲೇ ಯಾರನ್ನೂ ಕೇಳದೆ ಜಿಎಎಫ್‌ಆರ್‌ನ ಬಿಟ್ಟುಗಳನ್ನು ತಾನೇ ಏರಿಸಿಬಿಡುತ್ತದೆ. ಅದೇ ಪಿನ್ನನ್ನು ಇನ್ನೊಂದು ಡ್ರೈವರ್ ಹಿಡಿದಿದ್ದರೆ? ಬೋರ್ಡು ಬರೆದವನಿಗೆ ನೆನಪಿದ್ದರೆ ಸರಿ, ಇಲ್ಲದಿದ್ದರೆ ದೇವರೇ ಗತಿ.

ಇದೇ ಬಗೆಯ ಆರ್ಮ್ ಚಿಪ್ಪಿನ ಬೋರ್ಡುಗಳು ನೂರಾರಾದಾಗ ಹೀಗೆ ನೆನಪನ್ನೇ ನೆಚ್ಚುವುದು ನಡೆಯಲಿಲ್ಲ. ಚಿಪ್ಪು ತಯಾರಕ ಟಿಐಗೆ ಒಂದು ಲೆಕ್ಕ, ಸ್ಯಾಮ್‌ಸಂಗ್‌ಗೆ ಇನ್ನೊಂದು. 2011ರ ಮಾರ್ಚ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗೊಂದಲದ ಮೇಲೆ ಬಹಿರಂಗವಾಗಿಯೇ ಹರಿಹಾಯ್ದರು. ಸ್ವೀಡನ್ನಿನ ಲಿನಸ್ ವಾಲೈ ರೂಪಿಸಿದ ಪಿನ್‌ಕಂಟ್ರೋಲ್, 2012ರ ಜನವರಿಯಲ್ಲಿ ಬಂದ 3.2ನೇ ಕರ್ನಲ್‌ನೊಂದಿಗೆ ಹೊರಬಂತು. ಅದರಲ್ಲಿ ಚಿಪ್ಪಿನ ಡ್ರೈವರ್ ಪಿನ್ನುಗಳಿಗೆ ನಂಬರು ಕೊಡುತ್ತದೆ, ಗುಂಪು ಮಾಡುತ್ತದೆ, ಯಾವ ಗುಂಪಿಗೆ ಯಾವ ಕೆಲಸ ಹೊಂದುತ್ತದೆಂದು ಹೇಳುತ್ತದೆ. ಬೇಕಾದವರು ಕೇಳಿ ಪಡೆಯಬೇಕು. ಎರಡನೆಯವರು ಬಂದರೆ, ಇದು ಈಗಾಗಲೇ ಇಂಥವರ ಪಾಲಾಗಿದೆ ಎಂದು ಹೆಸರು ಸಮೇತ ಹೇಳಿ ವಾಪಸು ಕಳಿಸುತ್ತದೆ.

ಇಷ್ಟೆಲ್ಲ ಏಕೆ, ಬೂಟ್‌ಲೋಡರೇ ಒಮ್ಮೆ ಪಿನ್ನುಗಳನ್ನು ಹೊಂದಿಸಿಟ್ಟರೆ ಸಾಲದೇ ಎಂಬ ಆಕ್ಷೇಪ ಹಳೆಯದು. ಮೇಜಿನ ಪಿಸಿಗಳಲ್ಲಿ ಬಯಾಸ್ ಅದನ್ನೇ ಮಾಡುತ್ತದೆ, ನಿಜ. ಆದರೆ ಬ್ಯಾಟರಿಯ ಯಂತ್ರ ಮಲಗುವಾಗ ಪಿನ್ನುಗಳ ಸ್ಥಿತಿ ಬದಲಾಗದಿದ್ದರೆ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಅಷ್ಟು ಹೊತ್ತಿಗೆ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿ ಹೋಗಿರುತ್ತದೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಟಿಐ ಚಿಪ್ಪುಗಳಿಗೆ ಬಳಸುವ ಪಿನ್‌ಕಂಟ್ರೋಲ್-ಸಿಂಗಲ್ ಡ್ರೈವರಿಗೆ ಪಿನ್ನಿನ ಕೆಲಸವೇನೆಂದು ಗೊತ್ತೇ ಇಲ್ಲ. ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀಯಲ್ಲಿ ಬರೆದ ಅಂಕಿಯನ್ನು ಹೇಳಿದ ರಿಜಿಸ್ಟರಿಗೆ ತುಂಬುವುದಷ್ಟೇ ಅದರ ಕಸುಬು. ಹಾಗಾದರೆ ಇದೇನು ದಾಖಲೆ ಎನ್ನಬಹುದು. ಅರ್ಥ ತಿಳಿಯದಿದ್ದರೂ ಯಾರು ಹಿಡಿದಿದ್ದಾರೆಂಬ ಲೆಕ್ಕವನ್ನು ಅದೂ ಇಡುತ್ತದೆ. ನನ್ನ ವಾದಕ್ಕೆ ಅಷ್ಟು ಸಾಕು. ನಿಜವಾದ ಲೋಪ ಬೇರೆ ಕಡೆ ಇದೆ. ಡ್ರೈವರ್ 'ಸ್ಟ್ರಿಕ್ಟ್' ಎಂದು ಸಾರದಿದ್ದರೆ ಒಂದೇ ಪಿನ್ನನ್ನು ಒಬ್ಬರು ಬೇರೆ ಕೆಲಸಕ್ಕೂ ಇನ್ನೊಬ್ಬರು ಜಿಪಿಐಒ ಆಗಿಯೂ ಏಕಕಾಲಕ್ಕೆ ಪಡೆಯಬಹುದು. ಹೊಸ ಡ್ರೈವರ್ ಬರೆಯುವವರು, ಚಿಪ್ಪಿನ ಕಡೆಯಿಂದಲೇ ಅಡ್ಡಿಯಿಲ್ಲದಿದ್ದರೆ, ಆ ಒಂದು ಸಾಲನ್ನು ಬಿಡದೆ ಸೇರಿಸಬೇಕು.